ಮಷಿನಿಗೆಂದು ಬಂದ ಸೈಕ್ಲೋನ್

ಆ ಪೆಟ್ಟಿಗೆ ನಮಗಾಗಿ ಬಂದದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗ ಅಲೆವೂರಿನ ಆ ಮರಗೆಲಸದ ಶೆಡ್ಡಿಗೆ ಬರುವ ಗಿರಾಕಿಗಳ ಮುಂದೆ ನಮ್ಮ ಧನಿಗಳು ಹೇಳುವ ಕಥೆಯೇ ಬೇರೆ. "ಕೆಲಸದವರ ಆರೋಗ್ಯ ನೋಡಬೇಕಲ್ಲ, ಅದಕ್ಕೇ ಈ ವ್ಯವಸ್ಥೆ ಮಾಡಿಸಿದ್ದು" ಎನ್ನುತ್ತಾರೆ. ಗಿರಾಕಿಗಳು ತಲೆ ಅಲ್ಲಾಡಿಸುತ್ತಾರೆ. ಹಿಂದಿನ ಮೇಜಿನಲ್ಲಿ ಬಾಗಿಲು ಉಜ್ಜುತ್ತಾ ನಿಂತ ನನಗೆ ಕಿವಿ ಬಿಸಿಯಾಗುತ್ತದೆ.

ನಾನು ಕಾಪುವಿನವಳು. ಗಂಡ ದೋಣಿಗೆ ಹೋಗುವವರು. ಮಳೆಗಾಲದಲ್ಲಿ ದೋಣಿ ದಡದಲ್ಲಿ ನಿಂತರೆ ಮನೆಯಲ್ಲಿ ಒಂದಾದರೂ ಸಂಬಳ ಬೇಕಲ್ಲ ಎಂದು ನಾನು ಈ ಕೆಲಸಕ್ಕೆ ಸೇರಿದೆ. ಕಾಪುವಿನಿಂದ ಕಟಪಾಡಿಗೆ ಒಂದು ಬಸ್ಸು, ಅಲ್ಲಿಂದ ಅಲೆವೂರಿಗೆ ಇನ್ನೊಂದು. ಶೆಡ್ಡಿನಲ್ಲಿ ಕೆತ್ತನೆಯ ಬಾಗಿಲು, ದೇವರ ಮಂಟಪ, ಜಾಲರಿಯ ಹಲಗೆ ಎಲ್ಲ ಮಾಡುತ್ತಾರೆ. ಹೆಚ್ಚಿನದು ಮಣಿಪಾಲದ ಫ್ಲ್ಯಾಟುಗಳಿಗೆ. ಕೆತ್ತುವುದು ಕೈಯಲ್ಲ, ಕಂಪ್ಯೂಟರಿಗೆ ಜೋಡಿಸಿದ ಒಂದು ದೊಡ್ಡ ಮಷಿನ್. ಅದು ಕೆತ್ತಿ ಬಿಟ್ಟದ್ದನ್ನು ಉಜ್ಜಿ ನಯ ಮಾಡುವುದು ನಾವು ಇಬ್ಬರು ಹೆಂಗಸರು. ನಾನು ಮತ್ತು ಅಕ್ಕ.

ಅಕ್ಕ ಅಂದರೆ ರಕ್ತ ಸಂಬಂಧ ಅಲ್ಲ. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಸೇರುವ ಮೊದಲೇ ಅಲ್ಲಿದ್ದವರು. ಕಾರ್ಕಳದವರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿ ಕೂತು ತಿನ್ನಲು ಮನಸ್ಸಾಗದೆ ಅಲೆವೂರಿಗೆ ಬಂದು, ಶೆಡ್ಡಿನ ಹತ್ತಿರವೇ ಒಂದು ಬಾಡಿಗೆ ಕೋಣೆಯಲ್ಲಿ ಇದ್ದರು. ಬೆರಳಿನ ತುದಿಗೆ ಸ್ಯಾಂಡ್ ಪೇಪರ್ ಸುತ್ತಿ ಹೂವಿನ ಎಸಳಿನ ಒಳಗೆ ಉಜ್ಜುವುದನ್ನು ನನಗೆ ಕಲಿಸಿದ್ದು ಅವರೇ. "ಒತ್ತಬೇಡ, ತಿಕ್ಕು. ಮಗುವಿನ ಕಿವಿ ಒರೆಸಿದ ಹಾಗೆ" ಎನ್ನುತ್ತಿದ್ದರು.

ಧೂಳಿನ ವಿಷಯ ಹೇಳಿದರೆ ಅರ್ಥ ಆಗುವುದು ಕಷ್ಟ. ಸಾಗುವಾನಿ, ಹಲಸು ಆದರೆ ಸ್ವಲ್ಪ ಪರವಾಗಿಲ್ಲ, ಕೆಳಗೆ ಬೀಳುತ್ತದೆ. ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಧೂಳು ಬೀಳುವುದೇ ಇಲ್ಲ. ಗಾಳಿಯಲ್ಲೇ ನಿಲ್ಲುತ್ತದೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಕುಚ್ಚಲಕ್ಕಿ ಅನ್ನದ ಮೇಲೆ ಒಂದು ಪದರ. ನಾವು ಮೂಗಿಗೆ ಬೈರಾಸು, ಅಂದರೆ ಮೈ ಒರೆಸುವ ತೆಳು ಬಟ್ಟೆ, ಕಟ್ಟಿಕೊಳ್ಳುತ್ತಿದ್ದೆವು. ಸಂಜೆ ಅದನ್ನು ಬಿಚ್ಚಿದರೆ ಒಳಗಿನ ಬದಿಯೂ ಕಂದು. ಗೋಡೆಗೆ ಒಂದು ಫ್ಯಾನ್ ಹಾಕಿಸಿ ಎಂದು ಅಕ್ಕ ಎಷ್ಟು ಸಲ ಕೇಳಿದ್ದರೋ. ಧನಿಗಳದ್ದು ಒಂದೇ ಉತ್ತರ: "ಫ್ಯಾನ್ ಹಾಕಿದರೆ ಧೂಳು ಹಾರಿ ಪಾಲಿಷಿನ ಮೇಲೆ ಕೂರುತ್ತದೆ ಮಾರಾಯ್ತಿ. ನಿಮಗೆ ಅಭ್ಯಾಸ ಉಂಟಲ್ಲ."

ಒಂದು ದಿನ ಮಷಿನ್ ನಿಂತಿತು. ಎರಡು ದಿನ ಏನು ಮಾಡಿದರೂ ಓಡಲಿಲ್ಲ. ಆಮೇಲೆ ಕಂಪೆನಿಯಿಂದ ಒಬ್ಬ ಇಂಜಿನಿಯರು ಬಂದು, ಮುಚ್ಚಳ ಬಿಚ್ಚಿ, ಒಳಗೆ ಟಾರ್ಚ್ ಹಾಕಿ ನೋಡಿ, ಎದ್ದು ನಿಂತು ಬೈದ ಬೈಗಳು ನನಗೆ ಇವತ್ತಿಗೂ ಬಾಯಿಪಾಠ.

"ಇಷ್ಟು ಧೂಳಿನಲ್ಲಿ ಮಷಿನ್ ಇಡುವುದಾ ಸಾರ್? ಇದು ಹೇಗೆ ಬದುಕಬೇಕು? ಧೂಳು ತೆಗೆಯುವ ವ್ಯವಸ್ಥೆ ಮಾಡದೆ ಇನ್ನು ನಾನು ಇದನ್ನು ಮುಟ್ಟುವುದಿಲ್ಲ. ವಾರಂಟಿಯೂ ಇಲ್ಲ."

ಅವರು ಹಾಗೆ ಹೇಳುವಾಗ ಅಕ್ಕ ಮೂರು ಮಾರು ದೂರದಲ್ಲಿ ಗೋಡೆ ಹಿಡಿದು ಕೆಮ್ಮುತ್ತಿದ್ದರು. ಇಂಜಿನಿಯರು ತಿರುಗಿಯೂ ನೋಡಲಿಲ್ಲ. ಧನಿಗಳೂ ನೋಡಲಿಲ್ಲ. ಮಷಿನಿನ ಮೇಲೆ ಕೈ ಇಟ್ಟುಕೊಂಡು, ಮನೆಯಲ್ಲಿ ಯಾರಿಗೋ ಜ್ವರ ಬಂದ ಹಾಗೆ ಮುಖ ಮಾಡಿಕೊಂಡಿದ್ದರು.

ವಾರದೊಳಗೆ ಪೆಟ್ಟಿಗೆ ಬಂತು. ಒಂದರಲ್ಲಿ ದೊಡ್ಡ ವ್ಯಾಕ್ಯೂಮ್, ಕಾರ್ಖಾನೆಗಳಲ್ಲಿ ಬಳಸುವಂಥದ್ದು. ಇನ್ನೊಂದರಲ್ಲಿ ಮೇಲೆ ಅಗಲ, ಕೆಳಗೆ ಚೂಪು, ನೋಡಲು ಎಣ್ಣೆ ಹೊಯ್ಯುವ ಲಾಳಿಕೆಯ ಹಾಗಿರುವ ಕಪ್ಪು ಪ್ಲಾಸ್ಟಿಕ್. ಅದರ ಹೆಸರು ಸೈಕ್ಲೋನ್ ಎಂದು ಕಾಗದದಲ್ಲಿತ್ತು. ನಮ್ಮ ಮನೆಯಲ್ಲಿ ಆ ಪದ ಕೇಳಿದರೆ ಗಂಡಸರು ದೋಣಿ ಮೇಲೆ ಎಳೆಯಲು ಓಡುತ್ತಾರೆ. ಇಲ್ಲಿ ನೋಡಿದರೆ ಒಂದು ಕೊಡದಷ್ಟು ದೊಡ್ಡದು.

ಶೆಡ್ಡಿನಲ್ಲಿ ಪಿಯುಸಿ ಮುಗಿಸಿದವಳು ನಾನೊಬ್ಬಳೇ. ಕಾಗದ ನನ್ನ ಕೈಗೆ ಬಂತು. ಇಂಗ್ಲಿಷನ್ನು ಒಂದೊಂದೇ ಪದ ಕೂಡಿಸಿ ಓದಿ, ಚಿತ್ರ ನೋಡಿ ನಾನೇ ಜೋಡಿಸಿದೆ. ಲಾಳಿಕೆಯನ್ನು ಒಂದು ಬಕೆಟಿನ ಮುಚ್ಚಳಕ್ಕೆ ತೂತು ಮಾಡಿ ಕೂರಿಸಬೇಕು. ಬದಿಯ ಬಾಯಿಗೆ ಮಷಿನಿನಿಂದ ಬರುವ ಪೈಪು, ಮೇಲಿನ ಬಾಯಿಗೆ ವ್ಯಾಕ್ಯೂಮಿಗೆ ಹೋಗುವ ಪೈಪು. ಧೂಳಿನ ಗಾಳಿ ಬದಿಯಿಂದ ಒಳಗೆ ನುಗ್ಗಿ ಗೋಡೆಗೆ ತಾಗಿಕೊಂಡು ಗರಗರ ತಿರುಗುತ್ತದೆ. ತಿರುಗುವಾಗ ಧೂಳು ಗೋಡೆಗೆ ಎಸೆಯಲ್ಪಟ್ಟು ಜಾರಿ ಕೆಳಗಿನ ಬಕೆಟಿಗೆ ಬೀಳುತ್ತದೆ. ಗಾಳಿ ಮಾತ್ರ ನಡುವಿನಿಂದ ಮೇಲೆ ಹೋಗುತ್ತದೆ. ವ್ಯಾಕ್ಯೂಮಿನ ಫಿಲ್ಟರು ಕಟ್ಟಿಕೊಳ್ಳುವುದಿಲ್ಲ, ಎಳೆತ ಕಡಿಮೆಯಾಗುವುದಿಲ್ಲ. ಒಳಗೆ ತಿರುಗುವ ಚಕ್ರ ಇಲ್ಲ, ಕರೆಂಟ್ ಇಲ್ಲ, ಬರೀ ಆಕಾರ.

ಮೊದಲ ದಿನ ಪೇಂಟಿನ ಖಾಲಿ ಬಕೆಟಿಗೆ ಹಾಕಿದೆ. ಪೈಪಿನಲ್ಲಿ ಒಂದು ಮರದ ಚಕ್ಕೆ ಸಿಕ್ಕಿಬಿದ್ದದ್ದೇ ತಡ, ಬಕೆಟ್ ಢಬ್ ಎಂದು ಒಳಗೆ ಕುಗ್ಗಿ, ಕಾಲಲ್ಲಿ ತುಳಿದ ಹಾಗೆ ಆಯಿತು. "ಹಾಳು ಮಾಡಿದೆಯಲ್ಲ" ಎಂದು ಧನಿಗಳು ಎಲ್ಲರ ಮುಂದೆ ಬೈದರು. ಮರುದಿನ ಗಂಡನ ಕೈಯಲ್ಲಿ ಹೇಳಿ, ದೋಣಿಯಲ್ಲಿ ನೀರು ಇಡುವ ದಪ್ಪದ ನೀಲಿ ಡ್ರಮ್ಮು ಒಂದನ್ನು ತರಿಸಿದೆ. ಬಸ್ಸಿನಲ್ಲಿ ಅದನ್ನು ಹಿಡಿದುಕೊಂಡು ಬರುವಾಗ ಕಂಡಕ್ಟರು ಇದಕ್ಕೂ ಒಂದು ಟಿಕೆಟ್ ಮಾಡಿ ಎಂದ. ಅದಕ್ಕೆ ಕೂರಿಸಿದೆ. ಕುಗ್ಗಲಿಲ್ಲ. ಆದರೆ ಧೂಳೆಲ್ಲ ಡ್ರಮ್ಮು ಬಿಟ್ಟು ವ್ಯಾಕ್ಯೂಮಿಗೇ ಹೋಗತೊಡಗಿತು. ಯಾಕೆ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡು ನೋಡಿದರೆ ಮುಚ್ಚಳದ ಸುತ್ತ ಸಣ್ಣಗೆ ಗಾಳಿ ಸೋರುತ್ತಿತ್ತು. ಕೆಳಗಿನಿಂದ ಗಾಳಿ ನುಗ್ಗಿದರೆ ಬಿದ್ದ ಧೂಳು ಪುನಃ ಏಳುತ್ತದೆ. ಸೈಕಲ್ ಟ್ಯೂಬು ಸೀಳಿ ಅಂಚಿಗೆ ಅಂಟಿಸಿದೆ. ಆಮೇಲೆ ಆ ದಿನದ ಕೆತ್ತನೆ ಮುಗಿಸಿ ಸಂಜೆ ಬಿಚ್ಚಿದರೆ ಅರ್ಧ ಡ್ರಮ್ಮು ಧೂಳು, ವ್ಯಾಕ್ಯೂಮಿನ ಒಳಗೆ ಒಂದು ಹಿಡಿಯೂ ಇಲ್ಲ.

ನನಗೆ ಎಷ್ಟು ಸಂತೋಷ ಆಯಿತು ಅಂದರೆ, ಅಕ್ಕನನ್ನು ಕೈ ಹಿಡಿದು ಎಳೆದುಕೊಂಡು ಬಂದು ತೋರಿಸಿದೆ. ಅವರು ಡ್ರಮ್ಮಿನೊಳಗೆ ಬಗ್ಗಿ ನೋಡಿ, "ಇಷ್ಟೆಲ್ಲ ನಾವು ಕುಡಿಯುತ್ತಾ ಇದ್ದದ್ದಾ?" ಎಂದರು.

ನಾನು ಆಗಲೇ ಧನಿಗಳ ಹತ್ತಿರ ಹೋದೆ. ಮಷಿನ್ ದಿನಕ್ಕೆ ನಾಲ್ಕು ಗಂಟೆಯೂ ಓಡುವುದಿಲ್ಲ, ಉಳಿದ ಹೊತ್ತು ಪೈಪನ್ನು ನಮ್ಮ ಉಜ್ಜುವ ಮೇಜಿಗೆ ತರುತ್ತೇನೆ, ಕೈಯಲ್ಲಿ ಹಿಡಿದು ಉಜ್ಜುವ ಕರೆಂಟಿನ ಸ್ಯಾಂಡರಿಗೂ ಜೋಡಿಸಬಹುದು, ಅದಕ್ಕೆ ಪೈಪು ಕೂರಿಸುವ ಬಾಯಿ ಉಂಟು ಎಂದೆ.

"ಅದು ಮಷಿನಿಗೆ ತಂದದ್ದು" ಎಂದರು.

"ಮಷಿನ್ ನಿಂತಾಗ ಮಾತ್ರ ಧನಿ."

"ಮೋಟಾರು ಸವೆಯುತ್ತದೆ. ನೀವು ಬೈರಾಸು ಕಟ್ಟಿಕೊಳ್ಳಿ."

ಇದನ್ನು ಬರೆಯುವಾಗ ಧನಿಗಳ ಮೇಲೆ ಎಷ್ಟು ಸಿಟ್ಟೋ ಆ ದಿನದ ನನ್ನ ಮೇಲೆಯೂ ಅಷ್ಟೇ ಸಿಟ್ಟು. ಡ್ರಮ್ಮು ನನ್ನದು, ಟ್ಯೂಬು ನನ್ನದು, ತಲೆ ಓಡಿಸಿದ್ದು ನಾನು. ಆದರೂ 'ಆಯ್ತು' ಎಂದು ಬಂದು ಕೂತೆ.

ಒಮ್ಮೆ ಮಾತ್ರ ಕದ್ದು ಮಾಡಿದೆವು. ಧನಿಗಳು ಮರ ನೋಡಲು ಕಾರ್ಕಳದ ಕಡೆ ಹೋಗಿದ್ದ ದಿನ. ಮಷಿನ್ ನಡೆಸುವವರು ಪಡುಬಿದ್ರಿಯವರು, ಹೆಚ್ಚು ಮಾತಿಲ್ಲದ ಮನುಷ್ಯ. ಅವರೇ ಪೈಪು ಬಿಚ್ಚಿ ನಮ್ಮ ಕಡೆ ಎಸೆದು, "ಬೇಗ ಮುಗಿಸಿ" ಎಂದರು. ಸ್ಯಾಂಡರಿಗೆ ಜೋಡಿಸಿ ಉಜ್ಜಿದೆವು. ಆ ಮಧ್ಯಾಹ್ನ ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಹೊಗೆಯ ಹಾಗೆ ತೇಲುವುದು ಏನೂ ಇರಲಿಲ್ಲ. ಅಕ್ಕ ಬೈರಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಅಷ್ಟು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅವರ ಬಾಯಿ ನಾನು ನೋಡಿದ್ದು ಅದೇ ಮೊದಲು. ಮಾತಾಡುತ್ತಾ ಉಜ್ಜಿದರು. ಗಂಡ ಇದ್ದಾಗಿನ ಸುದ್ದಿ, ಕಾರ್ಕಳದ ಮನೆಯ ಹಿಂದಿನ ಬಂಡೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದ ಸುದ್ದಿ. ಧನಿಗಳು ಬೇಗ ಬಂದುಬಿಟ್ಟರು. ನೇರ ಹೋಗಿ ಪ್ಲಗ್ ಎಳೆದರು. ಪೈಪು ಪುನಃ ಮಷಿನಿಗೆ ಹೋಯಿತು. ಪೈಪು ಮಷಿನಿಗೆ ಸೇರುವ ಬಾಯಿಗೆ ಒಂದು ಬೀಗದ ಕೊಂಡಿಯನ್ನೂ ಹಾಕಿಸಿದರು, ನಾವು ಕಳ್ಳರ ಹಾಗೆ.

ಆ ಮಳೆಗಾಲದಲ್ಲಿ ಅಕ್ಕನಿಗೆ ಏದುಸಿರು ಸುರುವಾಯಿತು. ಕೋಣೆಯಿಂದ ಶೆಡ್ಡಿಗೆ ನೂರು ಹೆಜ್ಜೆ ಇಲ್ಲ, ನಡುವೆ ಎರಡು ಕಡೆ ನಿಲ್ಲುತ್ತಿದ್ದರು. ಉಡುಪಿಯ ಒಬ್ಬ ಡಾಕ್ಟರು ಕೊಟ್ಟ ಸಿರಪ್ಪು ಕುಡಿದು ಕುಡಿದು ಏನೂ ಆಗದೆ, ನಾನೇ ಒಂದು ದಿನ ರಜೆ ಹಾಕಿ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ಆಯಿತು, ಒಂದು ಕೊಳವೆಗೆ ಊದಿಸಿ ಪರೀಕ್ಷೆ ಮಾಡಿದರು. ಅಕ್ಕನಿಗೆ ಆ ಕೊಳವೆಯಲ್ಲಿ ಸರಿಯಾಗಿ ಊದಲೂ ಆಗಲಿಲ್ಲ. ಡಾಕ್ಟರಮ್ಮ ಸಣ್ಣ ಪ್ರಾಯದವರು. ಪಟ ನೋಡುತ್ತಾ ಕೇಳಿದರು, "ನೀವು ಎಂತ ಕೆಲಸ ಮಾಡುವುದು ಅಮ್ಮ?"

"ಕೆಲಸ ಎಂತದೂ ಇಲ್ಲ. ಮನೆಯಲ್ಲೇ ಇರುವುದು. ಒಲೆ ಊದುತ್ತೇನೆ" ಎಂದರು ಅಕ್ಕ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೇಜಿನ ಕೆಳಗೆ ನನ್ನ ಕೈ ಹಿಂಡಿದರು. ಹೊರಗೆ ಬಂದು ಬೆಂಚಿನಲ್ಲಿ ಕೂರಿಸಿ ಕೇಳಿದೆ.

"ಯಾಕೆ ಸುಳ್ಳು ಹೇಳಿದ್ದು ಅಕ್ಕ? ನಿಮ್ಮ ಕೋಣೆಯಲ್ಲಿ ಒಲೆ ಎಲ್ಲಿ ಉಂಟು? ಗ್ಯಾಸ್ ಅಲ್ವಾ?"

"ಕೆಲಸ ಬಿಡಿ ಅಂತ ಬರೆದುಕೊಟ್ಟರೆ?"

"ಬರೆಯಲಿ."

"ನಿನಗೆ ಮನೆ ಉಂಟು, ಗಂಡ ಉಂಟು. ನಾನು ಎಲ್ಲಿಗೆ ಹೋಗಲಿ?"

ನನಗೆ ಅವರ ಮೇಲೂ ಸಿಟ್ಟು ಬಂತು. ಅಷ್ಟು ಜನರ ನಡುವೆ ಅವರನ್ನು ಅಲ್ಲೇ ಬಿಟ್ಟು, ಸಾಲು ದಾಟಿ, ನರ್ಸಿನ ಬೈಗಳು ಕೇಳಿಕೊಂಡು ಪುನಃ ಒಳಗೆ ಹೋದೆ. "ಡಾಕ್ಟ್ರೆ, ಅವರು ಹನ್ನೆರಡು ವರ್ಷದಿಂದ ಮರದ ಧೂಳಿನಲ್ಲಿ ಕೂರುವವರು" ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಕ್ಕನನ್ನು ಪುನಃ ಕರೆಸಿ, ಎಲ್ಲ ಕೇಳಿ, ಧೂಳಿನ ಕೆಲಸ ಇನ್ನು ಮಾಡಲೇಬಾರದು ಎಂದು ಬರೆದುಕೊಟ್ಟರು. ನನ್ನನ್ನೂ ನೋಡಿ, "ನೀವು ಅಲ್ಲೇ ಇದ್ದರೆ ಧೂಳು ಎಳೆಯುವ ವ್ಯವಸ್ಥೆ ಬೇಕು. ಅದರ ಮೇಲೆ ಒಳ್ಳೆಯ ಮಾಸ್ಕ್. ಬಟ್ಟೆ ಸಾಲದು" ಎಂದರು. ಬಸ್ಸಿನಲ್ಲಿ ಅಲೆವೂರಿನವರೆಗೆ ಅಕ್ಕ ನನ್ನ ಹತ್ತಿರ ಮಾತಾಡಲಿಲ್ಲ.

ಮರುದಿನ ಆ ಕಾಗದ ಹಿಡಿದುಕೊಂಡು ಧನಿಗಳ ಎದುರು ನಿಂತೆ. ಮಷಿನ್ ಓಡುತ್ತಿತ್ತು. ಗೃಹಪ್ರವೇಶಕ್ಕೆ ಕೊಡಬೇಕಾದ ಎಂಡಿಎಫ್ ಜಾಲರಿ. ಧನಿಗಳು ಬಿಳಿ ಅಂಗಿ ಹಾಕಿ ಉಡುಪಿಗೆ ಹೊರಟಿದ್ದರು. ಕಾಗದವನ್ನು ದೂರ ಹಿಡಿದು ಓದಿದರು, ಮಡಚಿ ನನಗೇ ಕೊಟ್ಟರು.

"ಸರಿ. ಅವರು ಮನೆಯಲ್ಲಿ ಕೂರಲಿ ಪಾಪ. ಪ್ರಾಯ ಆಯಿತು. ನಾನು ಬೇರೆ ಯಾರನ್ನಾದರೂ ಹುಡುಕುತ್ತೇನೆ."

"ಬೇರೆಯವರು ಬಂದು ಇದೇ ಧೂಳು ಕುಡಿಯುವುದಾ?"

"ಎಂತ ಮಾತಾಡುತ್ತೀ? ಮರದ ಕೆಲಸದಲ್ಲಿ ಧೂಳು ಇರುವುದಿಲ್ವಾ?"

"ಮಷಿನಿಗೆ ಇಲ್ಲವಲ್ಲ" ಎಂದೆ.

"ಮಷಿನ್ ಹಾಳಾದರೆ ರಿಪೇರಿಗೆ ದುಡ್ಡು ಯಾರು ಕೊಡುತ್ತಾರೆ, ನಿನ್ನ ಅಪ್ಪನಾ?"

ಅಪ್ಪ ಎಂದದ್ದಕ್ಕೋ, ರಿಪೇರಿ ಎಂದದ್ದಕ್ಕೋ, ನನಗೆ ಗೊತ್ತಿಲ್ಲ. ಸೀದಾ ಹೋಗಿ ಸೈಕ್ಲೋನಿನ ಮೇಲಿನ ಪೈಪು ಕಿತ್ತೆ. ಬದಿಯ ಪೈಪಿಗೆ ಬೀಗದ ಕೊಂಡಿ ಇದ್ದದ್ದು ಮಷಿನಿನ ಕಡೆಗೆ, ಈ ಕಡೆ ಇರಲಿಲ್ಲ. ಅದನ್ನೂ ಕಿತ್ತೆ. ಡ್ರಮ್ಮನ್ನು ತಬ್ಬಿ ಎತ್ತಿಕೊಂಡೆ.

"ಏಯ್! ಮಷಿನ್ ಓಡುತ್ತಾ ಉಂಟು!"

"ಓಡಲಿ. ಅದಕ್ಕೂ ಅಭ್ಯಾಸ ಆಗುತ್ತದೆ."

ಒಂದು ನಿಮಿಷ ಹೋಗಿರಲಿಕ್ಕಿಲ್ಲ. ಧೂಳು ಮೋಡದ ಹಾಗೆ ಎದ್ದಿತು. ಧನಿಗಳು ಪಡುಬಿದ್ರಿಯವರಿಗೆ "ನಿಲ್ಲಿಸು, ನಿಲ್ಲಿಸು" ಎಂದು ಕೂಗಿದರು. ಅವರು ಕೇಳಿಸದವರ ಹಾಗೆ ಕೈ ಕಟ್ಟಿಕೊಂಡು ನಿಂತರು. ಎಷ್ಟು ಹೊತ್ತು ಎಂದರೆ, ಬೇಕೆಂದೇ ನಿಂತದ್ದು ಎಂದು ಎಲ್ಲರಿಗೂ ಗೊತ್ತಾಗುವಷ್ಟು ಹೊತ್ತು. ಧನಿಗಳು ಕೆಮ್ಮಿದರು, ಕಣ್ಣುಜ್ಜಿಕೊಂಡರು, ಕರ್ಚೀಫು ಹುಡುಕುತ್ತಾ ಹೊರಗೆ ಓಡಿದರು. ಆಮೇಲೆ ಮಷಿನ್ ನಿಂತಿತು. ಅಂಗಳದಲ್ಲಿ ಅವರ ಬಿಳಿ ಅಂಗಿ ಗೋಧಿ ಹಿಟ್ಟಿನ ಬಣ್ಣವಾಗಿತ್ತು.

"ಇನ್ನು ಈ ಕಡೆ ಬರಬೇಡ" ಎಂದರು.

"ಡ್ರಮ್ಮು ನನ್ನದು" ಎಂದು ಹೇಳಿ, ಅದನ್ನು ಹೊತ್ತುಕೊಂಡು ಬಂದೆ. ಲಾಳಿಕೆಯನ್ನು ಅಲ್ಲೇ ಅಂಗಳದಲ್ಲಿ ಬಿಚ್ಚಿ ಇಟ್ಟೆ. ಅದು ಅವರದ್ದು, ನನಗೆ ಬೇಡ.

ನಾಲ್ಕು ದಿನ ಮನೆಯಲ್ಲಿದ್ದೆ. ನನ್ನ ಸಿಟ್ಟು ಇಳಿಯಲಿ ಎಂದು ಗಂಡ ದೂರವೇ ಇದ್ದರು. ಐದನೆಯ ದಿನ ಧನಿಗಳ ಫೋನು. ಉಜ್ಜಲು ಬಂದ ಹೊಸಬರು ಕೆತ್ತನೆಯ ಅಂಚನ್ನೆಲ್ಲ ತಿಂದು ಹಾಕಿದ್ದರು. ಗೃಹಪ್ರವೇಶ ಹತ್ತಿರ ಬಂದಿತ್ತು. ಸೈಕ್ಲೋನನ್ನು ಪೇಂಟಿನ ಬಕೆಟಿಗೆ ಹಾಕಿ ಮಷಿನ್ ಓಡಿಸಲು ಹೋಗಿ ಎರಡು ಬಕೆಟ್ ಬೇರೆ ಕುಗ್ಗಿಸಿದ್ದರಂತೆ.

"ಆದದ್ದು ಆಯಿತು. ನಾಳೆಯಿಂದ ಬಾ ಮಾರಾಯ್ತಿ."

"ನಮ್ಮ ಮೇಜಿಗೆ ಬೇರೆಯೇ ಒಂದು ವ್ಯಾಕ್ಯೂಮ್, ಬೇರೆಯೇ ಸೈಕ್ಲೋನ್ ಬಂದ ದಿನ ಬರುತ್ತೇನೆ" ಎಂದೆ. ಫೋನು ಇಟ್ಟರು. ಮರುದಿನ ಸಂಜೆ ಪಡುಬಿದ್ರಿಯವರು ಫೋನು ಮಾಡಿ, "ಬಂತು, ನಾನೇ ಉಡುಪಿಗೆ ಹೋಗಿ ತಂದದ್ದು" ಎಂದರು. ಹೋದೆ. ಮಷಿನಿಗೊಂದು, ನಮ್ಮ ಮೇಜಿಗೊಂದು ಎಂದು ಎರಡು ಡ್ರಮ್ಮು ತೆಗೆದುಕೊಂಡು ಹೋದೆ.

ಈಗ ನಮ್ಮ ಮೇಜಿನ ಕೆಳಗೆ ಅದು ಉಂಟು. ಡ್ರಮ್ಮು ಅರ್ಧ ದಾಟುವ ಮೊದಲೇ ಖಾಲಿ ಮಾಡುತ್ತೇನೆ, ತುಂಬಲು ಬಿಟ್ಟರೆ ಧೂಳು ಪುನಃ ಮೇಲೆ ಹೋಗುತ್ತದೆ. ಒಣ ಹವೆಯಲ್ಲಿ ಪೈಪು ಮುಟ್ಟಿದರೆ ಚುರ್ ಎಂದು ಶಾಕ್ ಹೊಡೆಯುತ್ತಿತ್ತು, ತಾಮ್ರದ ತಂತಿ ಸುತ್ತಿ ಅರ್ಥಿಂಗಿಗೆ ಕೊಟ್ಟೆ. ತೀರಾ ಸಣ್ಣ ಧೂಳು ಅದಕ್ಕೂ ಸಿಗುವುದಿಲ್ಲ, ಅದಕ್ಕೆ ಮಾಸ್ಕ್ ಬೇಕೇ ಬೇಕು. ಹೊಸದಾಗಿ ಬಂದ ಹೆಂಗಸಿಗೆ ಮೊದಲ ದಿನವೇ ಇದನ್ನೆಲ್ಲ ಹೇಳಿದೆ. ಸ್ವಿಚ್ ಹಾಕದೆ ಸ್ಯಾಂಡರ್ ಮುಟ್ಟಿದರೆ ಬೈಯುತ್ತೇನೆ. ಅವಳಿಗೆ ನನ್ನನ್ನು ಕಂಡರೆ ಹೆದರಿಕೆ.

ಅಕ್ಕ ಬರಲಿಲ್ಲ. ಬರುವ ಹಾಗೆ ಇರಲಿಲ್ಲ. ಕೋಣೆ ಬಿಟ್ಟು ಕಾರ್ಕಳಕ್ಕೆ, ತಮ್ಮನ ಮನೆಗೆ ಹೋದರು. ಎರಡು ತಿಂಗಳು ಕಳೆದು ಒಂದು ಭಾನುವಾರ ನಾನು ನೋಡಲು ಹೋದೆ. ಜಗಲಿಯ ಕುರ್ಚಿಯಲ್ಲಿ ಕೂತಿದ್ದರು, ಮಡಿಲಲ್ಲಿ ಬಾಯಿಗೆ ಹಿಡಿದು ಎಳೆದುಕೊಳ್ಳುವ ಔಷಧದ ಪಂಪು. ಉಸಿರು ಸ್ವಲ್ಪ ಸುಧಾರಿಸಿತ್ತು. ಗೇಟಿನವರೆಗೆ ನಿಲ್ಲದೆ ನಡೆಯುತ್ತಾರಂತೆ. ತಮ್ಮನ ಹೆಂಡತಿ ಚಾ ತಂದಿಟ್ಟು ಒಳಗೆ ಹೋದರು. ನಾನು ಉತ್ಸಾಹದಿಂದ ಎಲ್ಲ ಹೇಳಿದೆ. ಡ್ರಮ್ಮು, ಫೋನು, ಹೊಸ ಸೈಕ್ಲೋನ್, ಬಿಳಿ ಅಂಗಿ.

ಅಕ್ಕ ನಗಲಿಲ್ಲ.

"ನಿನಗೆ ಮೇಜು ಸಿಕ್ಕಿತು" ಎಂದರು. "ನನಗೆ ಅಲ್ಲಿ ಒಂದು ಕೋಣೆ ಇತ್ತು. ಬೀಗದ ಕೈ ನನ್ನ ಸೊಂಟದಲ್ಲಿ ಇತ್ತು. ಈಗ ಸಕ್ಕರೆ ಬೇಕಾದರೂ ಕೇಳಬೇಕು. ನೀನು ಆ ದಿನ ಪುನಃ ಒಳಗೆ ಯಾಕೆ ಹೋದದ್ದು?"

"ಹೋಗದಿದ್ದರೆ ನೀವು ಸಾಯುತ್ತಿದ್ದಿರಿ ಅಕ್ಕ."

"ಅದು ನನಗೆ ಗೊತ್ತಿರಲಿಲ್ವಾ?"

ಅವರಿಗೆ ನನ್ನ ಮೇಲೆ ಸಿಟ್ಟು ಮಾಡುವ ಹಕ್ಕು ಉಂಟು ಎಂದು ಅನ್ನಿಸಿತು, ನಾನು ಮಾಡಿದ್ದು ತಪ್ಪಲ್ಲ ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಎದೆಯಲ್ಲಿ ಕೂತು ಉರಿಯಿತು. ನಾವಿಬ್ಬರು ಹೀಗೆ ಜಗಳ ಮಾಡಿಕೊಂಡು ಕೂರಬೇಕಾಗಿ ಬಂದದ್ದಕ್ಕೆ ಕಾರಣ ಆದ ಮನುಷ್ಯ ಆ ಹೊತ್ತಿಗೆ ಎಲ್ಲೋ ಊಟ ಮುಗಿಸಿ ಮಲಗಿರುತ್ತಾರೆ ಎಂದು ನೆನೆದು ಇನ್ನೂ ಉರಿಯಿತು.

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅಕ್ಕ ಗೇಟಿನವರೆಗೆ ಬಂದರು, ನಿಜವಾಗಿಯೂ ಎಲ್ಲೂ ನಿಲ್ಲದೆ. ಗೇಟು ಹಿಡಿದುಕೊಂಡು ಸ್ವಲ್ಪ ಹೊತ್ತು ಉಸಿರು ಎಳೆದರು.

"ಮುಂದಿನ ಸಲ ಬರುವಾಗ ಏನಾದರೂ ಉಜ್ಜುವ ಕೆಲಸ ಉಂಟಾ ನೋಡು" ಎಂದರು. "ಧೂಳು ಇಲ್ಲದ್ದು. ಕೈ ಸುಮ್ಮನೆ ಇದ್ದರೆ ಆಗುವುದಿಲ್ಲ ನನಗೆ."

ಧೂಳಿಲ್ಲದೆ ಉಜ್ಜುವುದು ಎಲ್ಲಿದೆ? ನೋಡುತ್ತೇನೆ ಎಂದು ಹೇಳಿ ಬಂದೆ. ಆಮೇಲೆ ಪಡುಬಿದ್ರಿಯವರ ಹತ್ತಿರ ಕೇಳಿ, ಮಂಟಪಗಳಿಗೆ ಕಟ್ಟುವ ಹಿತ್ತಾಳೆಯ ಸಣ್ಣ ಗಂಟೆಗಳನ್ನು ಹುಣಸೆಹುಳಿ ಹಾಕಿ ಬೆಳಗುವ ಕೆಲಸವನ್ನು ಅಕ್ಕನಿಗೆ ಕೊಡಿಸಿದೆ. ತಿಂಗಳಿಗೊಮ್ಮೆ ಚೀಲದಲ್ಲಿ ಕಾರ್ಕಳಕ್ಕೆ ಒಯ್ಯುತ್ತೇನೆ. ಬೆಳಗಿದ್ದನ್ನು ತರುತ್ತೇನೆ. ಅಕ್ಕ ಈಗ ನನ್ನ ಹತ್ತಿರ ಮಾತಾಡುತ್ತಾರೆ, ಮೊದಲಿನಷ್ಟಲ್ಲ.